ಬೈರಾಸಿನ ಅಡಿಯಲ್ಲಿ ಕಾರಿನ ಬೆಲೆ

ಬೆಳ್ತಂಗಡಿಯಲ್ಲಿ ನಾನು ದವಾಖಾನೆ ತೆರೆದು ಒಂದೂವರೆ ವರ್ಷವಾಗಿತ್ತು. ಒಂದು ಸಂಜೆ ಒಂಬತ್ತು ಮೈಲು ದೂರದ ಮನೆಯಿಂದ ಕರೆ ಬಂತು. ಹೆರಿಗೆ ಆಗಿದೆ, ರಕ್ತ ನಿಲ್ಲುತ್ತಿಲ್ಲ. ಕರೆಯಲು ಬಂದವನು ಬಾಣಂತಿಯ ಅಣ್ಣ. ಓಡಿ, ನಡೆದು, ಮತ್ತೆ ಓಡಿ ಬಂದಿದ್ದ. ಆ ಕಡೆಯ ಬಸ್ಸು ಹತ್ತು ನಿಮಿಷದ ಹಿಂದಷ್ಟೇ ಹೊರಟುಹೋಗಿತ್ತು. ಪೇಟೆಯ ಬಾಡಿಗೆ ಕಾರು ಮದುವೆ ದಿಬ್ಬಣದ ಜೊತೆ ಹೋಗಿತ್ತು. ಕೊನೆಗೆ ಮರ ಸಾಗಿಸುವ ಲಾರಿಯೊಂದು ಸಿಕ್ಕಿ ಅದರಲ್ಲಿ ಏಳು ಮೈಲು ಹೋದೆವು, ಉಳಿದ ಎರಡು ಮೈಲು ಗದ್ದೆಯ ಬದುವಿನ ಮೇಲೆ ನಡೆದೆವು. ನಾನು ಚೀಲ ಕೆಳಗಿಡುವಾಗ ಕರೆ ಬಂದು ಎರಡೂವರೆ ಗಂಟೆ ಕಳೆದಿತ್ತು. ಮಗು ಅಳುತ್ತಿತ್ತು. ತಾಯಿಯ ಜೀವ ಹೋಗಿ ಅರ್ಧ ಗಂಟೆಯಾಗಿತ್ತು.

ಆ ಮನೆಯವರು ಯಾರೂ ನನ್ನನ್ನು ದೂರಲಿಲ್ಲ. "ಅವಳ ಋಣ ಅಷ್ಟೇ ಇತ್ತು" ಅಂದರು. ನನಗೆ ಋಣದಲ್ಲಿ ನಂಬಿಕೆಯಿಲ್ಲ. ಮಂಗಳೂರಿನಲ್ಲಿ ಕಾಲೇಜು ಓದುವಾಗ ಚರ್ಚಾಕೂಟದ ತಂಡದಲ್ಲಿದ್ದವಳು ನಾನು. ವಿಧಿಯ ಪರವಾಗಿ ಒಮ್ಮೆ, ವಿರುದ್ಧವಾಗಿ ಒಮ್ಮೆ ವಾದಿಸಿ ಎರಡು ಸಲವೂ ಬಹುಮಾನ ತಂದಿದ್ದೆ. ಅಂಥವಳಿಗೆ ವಿಧಿಯ ಮೇಲೆ ಗೌರವ ಉಳಿಯುವುದು ಕಷ್ಟ. ಹಿಂದಿರುಗುವ ದಾರಿಯಲ್ಲಿ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬರೀ ಮೈಲು ಮತ್ತು ನಿಮಿಷ. ಏಳು ಮೈಲಿಗೆ ಕಾರಿನಲ್ಲಿ ಇಪ್ಪತ್ತೈದು ನಿಮಿಷ ಸಾಕು. ಇನ್ನು ಎರಡು ತಿಂಗಳಲ್ಲಿ ಮಳೆ ಹಿಡಿದರೆ ಆ ದಾರಿಯ ಬಸ್ಸೂ ನಿಲ್ಲುತ್ತದೆ. ಅಷ್ಟರೊಳಗೆ ಕಾರು ಬೇಕು ಎಂದು ತೀರ್ಮಾನಿಸಿದೆ.

ಹೊಸ ಕಾರಿಗೆ ಹೆಸರು ಬರೆಸಿದರೆ ಸರದಿ ಬರುವುದಕ್ಕೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ನನ್ನಲ್ಲಿ ಕೂಡಿಟ್ಟದ್ದು ಒಂದೂವರೆ ಸಾವಿರ ರೂಪಾಯಿ. ಹಾಗಾಗಿ ಹಳೆಯ ಕಾರೇ ಗತಿ. ಮೂಡುಬಿದಿರೆಯಲ್ಲಿ ಬಸ್ಸುಗಳ ಎಂಜಿನ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ ಒಬ್ಬರಿದ್ದರು. ಕ್ರಿಶ್ಚಿಯನ್ನರಾದ್ದರಿಂದ ಊರಿನ ವಾಡಿಕೆಯಂತೆ ಎಲ್ಲರೂ ಅವರನ್ನು ಪೊರ್ಬುಗಳು ಎಂದೇ ಕರೆಯುತ್ತಿದ್ದರು. ಅವರ ಹೆಂಡತಿಯ ಎರಡನೆಯ ಹೆರಿಗೆ ಮಾಡಿಸಿದ್ದು ನಾನು. ಆ ಸಲಿಗೆಯಲ್ಲಿ ಅವರ ಹಳೆಯ ಜೀಪಿನಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸು ಮಾಡಿಸಿಕೊಂಡಿದ್ದೆ. ಬಂಟ್ವಾಳ ಪೇಟೆಯಲ್ಲೊಂದು ಸಣ್ಣ ಇಂಗ್ಲಿಷ್ ಕಾರು ಮಾರಾಟಕ್ಕಿದೆ ಎಂಬ ಸುದ್ದಿ ತಂದದ್ದೂ ಅವರೇ. ಅದರ ಯಜಮಾನರು ಅಡಿಕೆ, ಕಾಳುಮೆಣಸಿನ ಮಂಡಿಯ ಸಾಹುಕಾರರು, ಕರಾವಳಿಯ ಮುಸ್ಲಿಮರಾದ ಬ್ಯಾರಿಗಳು. ಹೇಳುತ್ತಿದ್ದ ಬೆಲೆ ಆರು ಸಾವಿರ.

"ಹಳೆ ಕಾರು ಅಂದ್ರೆ ಹಳೆ ರೋಗಿ ಇದ್ದ ಹಾಗೆ ಡಾಕ್ಟ್ರೇ," ಅಂದರು ಪೊರ್ಬುಗಳು. "ಅದು ಹೇಳುವುದನ್ನು ಕೇಳ್ಬೇಡಿ. ಮುಟ್ಟಿ ನೋಡಿ."

ಹೇಗೆ ಮುಟ್ಟಬೇಕು ಎಂದು ಅವರು ಎರಡು ಭಾನುವಾರ ಕಲಿಸಿದರು. ಎಂಜಿನ್ ಆಯಿಲಿನ ಕಡ್ಡಿ ಎಳೆದು ನೋಡಬೇಕು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಹೊಗೆ ನೀಲಿಯಾಗಿದ್ದರೆ ಪಿಸ್ಟನ್ ರಿಂಗು ಸವೆದು ಆಯಿಲ್ ಉರಿಯುತ್ತಿದೆ. ಜಾಕಿ ಕೊಟ್ಟು ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಬೇಕು. ಲೊಟಲೊಟ ಎಂದರೆ ಚಕ್ರ ಹೊರಳುವ ಕೀಲು, ಅಂದರೆ ಕಿಂಗ್ ಪಿನ್, ಹೋಗಿದೆ. ತುಕ್ಕು ಹಿಡಿದಿದೆಯೇ ಎಂದು ಕಾಲಡಿಯ ಚಾಪೆ ಎತ್ತಿ ತಗಡನ್ನು ಉಗುರಿನಿಂದ ಕೆರೆಯಬೇಕು. ಎಂಜಿನ್ನಿನ ಒಳಗಿನ ಸದ್ದು ಕೇಳಲು ಅವರು ಉದ್ದದ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಯ ಬುಡಕ್ಕೂ ಒತ್ತುತ್ತಿದ್ದರು. ಅದಕ್ಕಿಂತ ಒಳ್ಳೆಯ ಉಪಕರಣ ನನ್ನ ಚೀಲದಲ್ಲೇ ಇತ್ತು.

ಒಂದು ಗುರುವಾರ ಮಧ್ಯಾಹ್ನ ಇಬ್ಬರೂ ಬಂಟ್ವಾಳಕ್ಕೆ ಹೋದೆವು. ಮಂಡಿಯ ಮುಂದೆ ಅಡಿಕೆ ಮಾರಲು ಬಂದವರು, ಹಮಾಲರು, ಗಾಡಿಯವರು, ಎಲ್ಲ ಸೇರಿ ಇಪ್ಪತ್ತು ಜನ ಇದ್ದರು. ಸಾಹುಕಾರರು ಐವತ್ತರ ಆಸುಪಾಸಿನವರು, ಬಿಳಿ ಮುಂಡು, ಹೆಗಲ ಮೇಲೆ ಬೈರಾಸು. ಕರಾವಳಿಯಲ್ಲಿ ನಾವು ಟವೆಲಿಗೆ ಬೈರಾಸು ಅನ್ನುತ್ತೇವೆ. ಎದ್ದು ನಿಂತು ಗೌರವದಿಂದಲೇ ಮಾತಾಡಿಸಿದರು, ಸೋಡಾ ತರಿಸಿದರು. ಕಾರು ಹೊರಗೆ ಬಂತು. ಬ್ಯಾಟರಿ ಹಿಡಿಯದೆ ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡಬೇಕಾಯಿತು. ನಾನು ಸ್ಟೆತಾಸ್ಕೋಪ್ ಕಿವಿಗೆ ಸಿಕ್ಕಿಸಿ ಎಂಜಿನ್ನಿನ ಮೇಲೆ ಬಗ್ಗಿದೆ.

ಇಪ್ಪತ್ತು ಜನ ನಲ್ವತ್ತಾದರು.

"ಓ, ಕಾರಿಗೆ ಎಷ್ಟು ತಿಂಗಳು ಡಾಕ್ಟ್ರಮ್ಮ?" ಎಂದು ಗಾಡಿಯವನೊಬ್ಬ ಕೂಗಿದ. ಎಲ್ಲರೂ ನಕ್ಕರು, ಸಾಹುಕಾರರೂ ನಕ್ಕರು. ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಎದುರಿಗೆ ಸಭೆ ನೆರೆದರೆ ನನಗೆ ಮೈಮೇಲೆ ಬಂದ ಹಾಗಾಗುತ್ತದೆ. ಒಂದೊಂದೇ ದೋಷವನ್ನು ಬೆರಳು ಮಡಚಿ ಹೇಳಿದೆ. ಮೂರನೆಯ ಸಿಲಿಂಡರಿನಲ್ಲಿ ಬಲವಿಲ್ಲ. ಹೊಗೆ ನೀಲಿ. ಎಡ ಚಕ್ರದ ಕಿಂಗ್ ಪಿನ್ ಸವೆದಿದೆ. ಬ್ಯಾಟರಿ ಸತ್ತಿದೆ. ಡ್ರೈವರನ ಕಾಲಡಿಯ ತಗಡು ತುಕ್ಕು ಹಿಡಿದಿದೆ, ಅದರ ಮೇಲೆ ಡಾಂಬರು ಬಳಿದು ಮುಚ್ಚಿದ್ದಾರೆ. ಡಾಂಬರಿನ ಮಾತು ಬಂದಾಗ ಸಾಹುಕಾರರ ಮುಖದ ನಗು ಹೋದದ್ದು ನನಗೆ ಕಾಣಿಸಿತು. ಎದುರಾಳಿಯ ನಗು ಹೋಗುವುದು ಒಳ್ಳೆಯ ಲಕ್ಷಣವೆಂದೇ ನಾನು ಕಲಿತವಳು. "ದೋಷವಿಲ್ಲದಿದ್ದರೂ ಇಂಥ ಹಳೆ ಕಾರಿಗೆ ನಾಲ್ಕು ಸಾವಿರದ ಎಂಟುನೂರಕ್ಕಿಂತ ಹೆಚ್ಚಿಲ್ಲ. ರಿಪೇರಿಗೆ ಎಂಟುನೂರು ಬೇಕು. ಆದ್ದರಿಂದ ಇದರ ನ್ಯಾಯವಾದ ಬೆಲೆ ನಾಲ್ಕು ಸಾವಿರ. ನಾನು ಹೇಳಿದ್ದರಲ್ಲಿ ಯಾವುದು ಸುಳ್ಳು, ಹೇಳಿ" ಅಂದೆ.

ಅವರು ಬೈರಾಸನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡರು. "ಸುಳ್ಳು ಒಂದೂ ಇಲ್ಲ ಡಾಕ್ಟ್ರಮ್ಮ. ನೀವು ಹೇಳಿದ್ದು ಎಲ್ಲ ಸರಿಯೇ ಉಂಟು. ಬೆಲೆ ಆರು ಸಾವಿರ."

"ಸರಿ ಅಂತ ಒಪ್ಪಿದ ಮೇಲೆ ಆರು ಸಾವಿರ ಹೇಗೆ?"

"ಸೋಡಾ ಕುಡೀರಿ, ಗ್ಯಾಸ್ ಹೋಗ್ತದೆ" ಅಂದು ಅವರು ಅಡಿಕೆಯವರ ಕಡೆಗೆ ತಿರುಗಿದರು.

ಬಸ್ಸು ಹಿಡಿಯಲು ಬಿ.ಸಿ.ರೋಡಿಗೆ ನಡೆಯುವಾಗ ನಾನು ಅವರ ಹಟವನ್ನು ಬೈಯುತ್ತಲೇ ಇದ್ದೆ. ಪೊರ್ಬುಗಳು ಬೀಡಿ ಹಚ್ಚಿ ಹೇಳಿದರು: "ಇನ್ನು ಅವರು ಒಂದು ರೂಪಾಯಿ ಇಳಿಸ್ಲಿಕ್ಕೆ ಉಂಟಾ? ಇಳಿಸಿದ್ರೆ ನಾಳೆಯಿಂದ ಅವರ ಅಡಿಕೆ ಗೋಣಿಗೂ ಜನ ಕೊಳವೆ ಇಟ್ಟು ನೋಡ್ತಾರೆ. ಆ ಪೇಟೆಯಲ್ಲಿ ಬೆಲೆ ಬಾಯಲ್ಲಿ ಆಗುವುದಿಲ್ಲ ಡಾಕ್ಟ್ರೇ. ಬೈರಾಸಿನ ಅಡಿಯಲ್ಲಿ ಆಗ್ತದೆ."

ನನಗದು ಗೊತ್ತಿಲ್ಲದ್ದೇನಲ್ಲ. ದನದ ವ್ಯಾಪಾರದಲ್ಲೂ ಮಂಡಿಯಲ್ಲೂ ಇಬ್ಬರು ಕೈ ಹಿಡಿದು ಮೇಲೆ ಬೈರಾಸು ಹೊದಿಸಿ, ಬೆರಳು ಒತ್ತಿ ಬೆಲೆ ಕೇಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬೆಲೆ ಇಳಿದರೂ ಏರಿದರೂ ಸುತ್ತ ನಿಂತವರಿಗೆ ತಿಳಿಯುವುದಿಲ್ಲ, ಯಾರ ಮರ್ಯಾದೆಯೂ ಹೋಗುವುದಿಲ್ಲ. ನಾನು ಅದನ್ನು ಕತ್ತಲೆ ವ್ಯಾಪಾರವೆಂದು ಭಾವಿಸಿದ್ದೆ. "ಸರಿ, ಹಾಗಾದರೆ ಬೈರಾಸು ಹೊದಿಸುವ" ಅಂದೆ.

"ಹೇಗೆ ಹೊದಿಸುವುದು ಮಾರಾಯ್ರೆ? ಪೇಟೆಯ ನಡುವೆ ಮದುವೆಯಾಗದ ಹೆಣ್ಣಿನ ಕೈಯನ್ನು ಆ ಮನುಷ್ಯ ಹಿಡಿಯುವುದುಂಟಾ? ಬೇಕಾದರೆ ನಿಮ್ಮ ಪರವಾಗಿ ನಾನು ಕೈ ಕೊಡ್ತೇನೆ."

"ಒಳಗೆ ಏನು ನಡೆಯಿತು ಅನ್ನುವುದಕ್ಕೆ ನನಗೆ ಸಾಕ್ಷಿ ಯಾರು?" ಎಂದು ಕೇಳಿಬಿಟ್ಟೆ. ಅವರು ಬೀಡಿ ಎಸೆದರು. ಬಸ್ಸು ಬಂದಾಗ ನನ್ನಿಂದ ದೂರದ ಸೀಟಿನಲ್ಲಿ ಹೋಗಿ ಕೂತರು.

ಬೆಲೆ ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಸಾಲದ ದಾರಿ ನೋಡಿಬರೋಣವೆಂದು ಹೊರಟೆ. ಮಂಗಳೂರಿನಲ್ಲಿ ಕಂತಿನ ಮೇಲೆ ವಾಹನಕ್ಕೆ ಹಣ ಕೊಡುವವರೊಬ್ಬರು ಸಿಕ್ಕಿದರು. ಮೂರು ಸಾವಿರಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿ, ಎರಡು ವರ್ಷ, ತಿಂಗಳಿಗೆ ನೂರೈವತ್ತೈದು. ನಾನು ಅಲ್ಲೇ ಕಾಗದದ ಮೇಲೆ ಗುಣಿಸಿದೆ. ತಿಂಗಳು ತಿಂಗಳೂ ಅಸಲು ತೀರುತ್ತ ಹೋದರೂ ಅವರು ಕೊನೆಯ ತನಕ ಪೂರ್ತಿ ಮೂರು ಸಾವಿರಕ್ಕೇ ಬಡ್ಡಿ ಹಾಕುತ್ತಿದ್ದರು. ನಿಜವಾದ ಬಡ್ಡಿ ಇಪ್ಪತ್ತನ್ನು ದಾಟುತ್ತಿತ್ತು. ಅದನ್ನು ಹೇಳಿದೆ. "ಎಲ್ಲರಿಗೂ ಹೀಗೆಯೇ" ಅಂದರು. ಎಲ್ಲರಿಗೂ ಹೀಗೆ ಅನ್ನುವುದು ವಾದವಲ್ಲ ಅಂದೆ. "ಹೌದು, ವಾದ ಅಲ್ಲ, ಇದು ಆಫೀಸು" ಅಂದರು. ಕಾಗದ ಮಡಚಿ ಎದ್ದೆ.

ಉಳಿದದ್ದು ಬೆಳ್ತಂಗಡಿಯ ಬ್ಯಾಂಕು. ಬ್ರಾಂಚಿನ ಮುಖ್ಯಸ್ಥರನ್ನು ಆಗ ಏಜೆಂಟರು ಎನ್ನುತ್ತಿದ್ದರು. ನಮ್ಮ ಏಜೆಂಟರು ನಿಧಾನದ, ಒಳ್ಳೆಯ ಮನುಷ್ಯ. ನನ್ನ ಎದುರಿಗೆ ಕೂತಾಗಲೆಲ್ಲ ಕನ್ನಡಕ ಒರೆಸುತ್ತಿದ್ದರು. ಬಡ್ಡಿ ಒಂಬತ್ತು, ಅದೂ ಉಳಿದ ಅಸಲಿಗೆ ಮಾತ್ರ. ಆದರೆ ಕಾರಿನ ಬೆಲೆಯ ಮೂರರಲ್ಲಿ ಎರಡು ಪಾಲು ಮಾತ್ರ ಕೊಡುತ್ತಾರೆ, ಮೂರು ಸಾವಿರ ದಾಟುವಂತಿಲ್ಲ. ನನ್ನ ಒಂದೂವರೆ ಸಾವಿರ ಸೇರಿಸಿದರೆ ನಾಲ್ಕೂವರೆ. ಅಂದರೆ ಸಾಹುಕಾರರ ಆರು ಸಾವಿರ ನಾಲ್ಕೂವರೆಗೆ ಇಳಿಯಬೇಕು, ಇಲ್ಲದಿದ್ದರೆ ಕಾರಿಲ್ಲ. ಜೊತೆಗೆ ಜಾಮೀನು ಬೇರೆ. ಅರ್ಜಿಯಲ್ಲಿ ಅಚ್ಚಾಗಿತ್ತು: ತಂದೆ ಅಥವಾ ಗಂಡ.

"ಗಂಡ ಇಲ್ಲ. ತಂದೆಯ ಸಹಿ ನಿಮಗೆ ಉಪಯೋಗವಿಲ್ಲ" ಅಂದೆ. ನಮ್ಮದು ಅಳಿಯಸಂತಾನದ ಕುಟುಂಬ, ಹೆಣ್ಣಿನ ಕಡೆಯಿಂದ ಮುಂದುವರಿಯುವ ಮನೆತನ. ನಾನು ನನ್ನ ತಂದೆಯ ಕುಟುಂಬಕ್ಕೆ ಸೇರಿದವಳಲ್ಲ, ಅವರು ನಮ್ಮದಕ್ಕೆ ಸೇರಿದವರಲ್ಲ. ಆಸ್ತಿಯ ಯಜಮಾನಿಕೆ ಸೋದರಮಾವನದು. "ನನ್ನ ಅಜ್ಜಿಯಿಂದ ಬಂದ ಭೂಮಿ ಅದು. ನಾನು ಇಲ್ಲದಿದ್ದರೆ ಆ ಮನೆತನ ಮುಂದೆ ಹೋಗುವುದಿಲ್ಲ. ಆದರೂ ನನ್ನ ಸಹಿ ಸಾಲದು, ಗಂಡಸಿನ ಸಹಿ ಬೇಕು. ಇದಕ್ಕೆ ತರ್ಕ ಏನು?"

ಏಜೆಂಟರು ಕನ್ನಡಕ ಒರೆಸಿದರು. "ತರ್ಕ ಇಲ್ಲ ಡಾಕ್ಟ್ರೇ. ವಾದದಲ್ಲಿ ನೀವು ಗೆಲ್ತೀರಿ, ನನಗೆ ಎಲ್ಲಿಗೋ ಟ್ರಾನ್ಸ್‌ಫರ್ ಆಗ್ತದೆ." ಪೆನ್ನು ತೆಗೆದು 'ತಂದೆ ಅಥವಾ ಗಂಡ' ಎಂಬುದನ್ನು ಹೊಡೆದುಹಾಕಿ, ಮೇಲೆ 'ಸೋದರಮಾವ, ಕುಟುಂಬದ ಯಜಮಾನ' ಎಂದು ಬರೆದು ಚಿಕ್ಕ ಸಹಿ ಹಾಕಿದರು. "ನನ್ನಿಂದ ಇಷ್ಟು ಆಗ್ತದೆ. ಅವರ ಸಹಿ ತನ್ನಿ. ಮಾರುವವರಿಂದ ಬೆಲೆಯ ಕಾಗದ ತನ್ನಿ."

ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿ ನನ್ನ ಮಾವನ ಮನೆ. ನಾನು ಮೆಡಿಕಲ್ ಓದಬೇಕೆಂದಾಗ ಬೇಡವೆಂದವರು, ಆಮೇಲೆ ತಿಂಗಳು ತಪ್ಪದೆ ಹಣ ಕಳಿಸಿದವರು. ನಾನು ಸಿದ್ಧವಾಗಿಯೇ ಹೋಗಿದ್ದೆ: ತಿಂಗಳ ಆದಾಯ, ಪೆಟ್ರೋಲಿನ ಖರ್ಚು, ಕಂತು, ಎಲ್ಲವೂ ಎರಡು ಪುಟದಲ್ಲಿ. ಮಾವ ಕಾಗದ ಮುಟ್ಟಲಿಲ್ಲ. ವೀಳ್ಯದೆಲೆಯ ತೊಟ್ಟು ಮುರಿಯುತ್ತ ಒಂದೇ ಪ್ರಶ್ನೆ ಕೇಳಿದರು.

"ಆ ದಿನ ಕಾರು ಇದ್ದಿದ್ದರೆ ಆ ಹುಡುಗಿ ಬದುಕ್ತಿದ್ದಳಾ?"

ಹೌದು ಎನ್ನುವುದು ಸುಲಭವಿತ್ತು. ಸಹಿ ಅಲ್ಲೇ ಸಿಗುತ್ತಿತ್ತು. "ಗೊತ್ತಿಲ್ಲ ಮಾವ" ಅಂದೆ. "ಒಂದು ಗಂಟೆಯೊಳಗೆ ತಲುಪಿದ್ದರೆ ನನ್ನ ಕೈಯಲ್ಲಿ ಮಾಡುವುದಕ್ಕೆ ಏನಾದರೂ ಇರುತ್ತಿತ್ತು. ಬದುಕುತ್ತಿದ್ದಳು ಅಂತ ಹೇಳಲಾರೆ."

ಅವರು ಎಲೆ ಮಡಚಿ ಬಾಯಿಗಿಟ್ಟುಕೊಂಡರು. "ಮಾತಿಗೆ ನಿಂತರೆ ಸೋಲುವವಳಲ್ಲ ನೀನು. ಇವತ್ತು ಗೊತ್ತಿಲ್ಲ ಅಂದಿ. ಪೆನ್ನು ಕೊಡು."

ಮರುದಿನ ಬಸ್ಸಿನಲ್ಲಿ ಕೂತು ಆ ಮಾತನ್ನೇ ತಿರುಗಿಸಿ ನೋಡುತ್ತಿದ್ದೆ. ಮಂಡಿಯ ಮುಂದೆ ನಾನು ಹೇಳಿದ ಐದೂ ದೋಷಗಳು ನಿಜ. ಆದರೆ ಅವುಗಳನ್ನು ಅಲ್ಲಿ ಹೇಳಿದ್ದು ಕಾರು ಪಡೆಯುವುದಕ್ಕೋ, ನಲ್ವತ್ತು ಜನರ ಎದುರು ಗೆಲ್ಲುವುದಕ್ಕೋ? ಕಾರು ಬೇಕಾಗಿದ್ದದ್ದು ಆ ನಲ್ವತ್ತು ಜನರಿಗಲ್ಲ. ಬಿ.ಸಿ.ರೋಡಿನಲ್ಲಿ ಇಳಿಯುವಾಗ ಏನು ಮಾಡಬೇಕೆಂದು ತೀರ್ಮಾನವಾಗಿತ್ತು. ಕೈ ಕೊಡುವುದು ಅಡ್ಡಿಯಾದರೆ ಎದುರಿನ ಕೈಯನ್ನು ಬದಲಾಯಿಸಬೇಕು.

ಮಂಡಿಯಲ್ಲಿ ಜನ ಕಡಿಮೆ ಇದ್ದ ಹೊತ್ತು ನೋಡಿ ಒಳಗೆ ಹೋದೆ. "ಆ ದಿನ ನಾಲ್ಕು ಜನರ ಎದುರು ನಾನು ಹಾಗೆ ಮಾತಾಡಬಾರದಿತ್ತು ಸಾಹುಕಾರ್ರೆ" ಅಂದೆ. "ಬೆಲೆ ಬೈರಾಸಿನ ಅಡಿಯಲ್ಲಿ ಆಗಬೇಕಂತೆ. ನಿಮ್ಮ ಜೊತೆ ನನಗದು ಸಾಧ್ಯವಿಲ್ಲ. ನಿಮ್ಮ ಮನೆಯ ಹೆಂಗಸರಲ್ಲಿ ಬೆರಳಿನ ಲೆಕ್ಕ ಬರುವವರು ಯಾರಾದರೂ ಇದ್ದಾರಾ?"

ಸಾಹುಕಾರರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕರು. "ಇದ್ದಾರಾ ಅಂತ ಕೇಳ್ತೀರಾ? ನನಗೆ ಬೆರಳು ಹಿಡಿದು ಕಲಿಸಿದ್ದೇ ಉಮ್ಮ. ಬಾಪ ಹೋದ ಮೇಲೆ ಮೂರು ವರ್ಷ ಬಾಗಿಲಿನ ಹಿಂದೆ ಕೂತು ಮೆಣಸಿನ ವ್ಯಾಪಾರ ಮಾಡಿದವರು ಅವರು. ನೋಡುವ, ನಿಮ್ಮ ಅದೃಷ್ಟ. ನಾನಾದರೆ ಸ್ವಲ್ಪ ಮೆತ್ತಗೆ."

ಹೆಗಲಿನ ಬೈರಾಸನ್ನು ತೆಗೆದು ನನ್ನ ಕೈಗೆ ಕೊಟ್ಟು ಮನೆಯ ದಾರಿ ತೋರಿಸಿದರು. ಅವರು ಬರಲಿಲ್ಲ.

ಅವರ ತಾಯಿಗೆ ಎಪ್ಪತ್ತು ದಾಟಿತ್ತು. ಒಳಕೋಣೆಯ ಮಂಚದ ಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಮುಖ ನೋಡಿದರು. "ಕಾರಿನ ಎದೆಗೆ ಕೊಳವೆ ಇಟ್ಟವಳು ನೀನಾ? ಇಷ್ಟು ಸಣ್ಣ ಹುಡುಗಿ!" ನಮ್ಮ ಮಾತೆಲ್ಲ ತುಳುವಿನಲ್ಲಿ. ಮೊದಲು ಲೆಕ್ಕ ಹೇಳಿಕೊಟ್ಟರು. ಒಂದು ಬೆರಳು ಹಿಡಿದರೆ ಸಾವಿರ, ಕೈ ಪೂರ್ತಿ ಹಿಡಿದರೆ ಐದು. ಬೆರಳಿನ ನಡುಗಂಟು ಒತ್ತಿದರೆ ಐನೂರು. ಅಂಗೈಯ ಮೇಲೆ ಗೀರು ಎಳೆದರೆ ನೂರು. "ಇನ್ನೊಂದು ಉಂಟು ಮಗಳೇ. ಕೈ ಬೆಲೆ ಕೇಳುವಾಗ ಬಾಯಿ ಬೇರೆ ಏನಾದರೂ ಮಾತಾಡ್ತಾ ಇರಬೇಕು. ಮಳೆಯ ವಿಷಯ ಆದೀತು. ಸುಮ್ಮನೆ ಕೂತರೆ ಮುಖದಲ್ಲಿ ಬೆಲೆ ಕಾಣ್ತದೆ. ಮತ್ತೆ, ಬೈರಾಸಿನ ಅಡಿಯ ಬೆಲೆಯನ್ನು ಹೊರಗೆ ಹೇಳ್ಲಿಕ್ಕಿಲ್ಲ. ಗೊತ್ತುಂಟಲ್ಲ?"

ಬೈರಾಸು ಹೊದಿಸಿದೆವು. ಒರಟಾದ, ಬಿಸಿಯಾದ ಕೈ. ನನ್ನ ಕೈಯನ್ನು ಪೂರ್ತಿ ಹಿಡಿದು ಒಂದು ಗಂಟು ಒತ್ತಿತು: ಐದೂವರೆ. "ಈ ಸಲ ಮಳೆ ಬೇಗ ಬರ್ತದಾ ಹೇಗೆ?" ಅಂದರು. ಮಂಡಿಯ ಮುಂದೆ ಬಾಯಿಬಿಟ್ಟು ಹೇಳಿದ ನಾಲ್ಕು ಸಾವಿರವನ್ನು ಮರೆತವಳಂತೆ ನಾನು ಅವರ ಮೂರು ಬೆರಳು ಹಿಡಿದು ಒಂದು ಗಂಟು ಒತ್ತಿದೆ. "ಬರಬಹುದು, ಸೆಕೆ ತುಂಬ ಉಂಟು." ಅವರು ನನ್ನ ಕೈಯನ್ನು ದೂಡಿದರು. "ಮದುವೆ ಯಾಕೆ ಆಗ್ಲಿಲ್ಲ?" ಐದು ಸಾವಿರ. "ಹುಡುಕಿದವರಿಗೆ ನನ್ನದು ಮಾತು ಜಾಸ್ತಿ ಅಂತ ಕಂಡಿತು." ನಾಲ್ಕು. ಅಜ್ಜಿ ಬಾಯಿತುಂಬ ನಕ್ಕರು, ಕೈ ಮಾತ್ರ ನಗಲಿಲ್ಲ. ಯಾವ ಕಾರಣವನ್ನೂ ಕೊಡಲಾಗದೆ, ಸಿಲಿಂಡರನ್ನೂ ತುಕ್ಕನ್ನೂ ಬಾಯಿಗೆ ತರಲಾಗದೆ ನನಗೆ ಬೆವರು ಬಂತು. ನನ್ನ ನಾಲ್ಕೂವರೆಯ ಮಿತಿ ಅವರಿಗೆ ಗೊತ್ತಿಲ್ಲ. ಹೇಳುವಂತೆಯೂ ಇಲ್ಲ.

ಅವರು ಮತ್ತೆ ಕೇಳಿದರು: "ಆ ಹೆರಿಗೆಯ ಹುಡುಗಿಯ ವಿಷಯ ಕೇಳಿದೆ. ಬಸ್ಸಿನವರು ಹೇಳ್ತಿದ್ದರು. ಅದಕ್ಕೇ ಕಾರಾ?"

"ಹೌದು."

"ನನ್ನ ದೊಡ್ಡ ಮಗಳೂ ಹಾಗೇ ಹೋದದ್ದು. ನದಿ ತುಂಬಿತ್ತು, ದೋಣಿ ಇಳಿಸ್ಲಿಕ್ಕೆ ಆಗ್ಲಿಲ್ಲ. ಸೂಲಗಿತ್ತಿ ಆಚೆ ದಡದಲ್ಲಿ ನಿಂತು ನೋಡ್ತಾ ಇದ್ದಳು."

ಬೈರಾಸಿನ ಅಡಿಯ ಕೈ ಸುಮ್ಮನಾಯಿತು. ನಾನು ಅವರ ಮನಸ್ಸು ಕರಗಿತೆಂದುಕೊಂಡೆ. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆ ಸಮಯ ನೋಡಿ ಮತ್ತೆ ಮೂರೂವರೆಗೆ ಇಳಿದೆ. ಅಜ್ಜಿ ನನ್ನ ಬೆರಳಿನ ಗಂಟಿಗೆ ಪಟ್ಟನೆ ಹೊಡೆದರು. "ಮಗಳ ಕಥೆ ಬೇರೆ. ಕಾರಿನ ವ್ಯಾಪಾರ ಬೇರೆ. ಬೆರೆಸಬೇಡ."

ಅಲ್ಲಿಂದ ಮುಂದೆ ಇನ್ನೂ ಕಾಲು ಗಂಟೆ ಹಿಡಿಯಿತು. ಮಳೆ, ಮೀನಿನ ಬೆಲೆ, ನನ್ನ ಜಡೆ ಸಪೂರವಾದದ್ದು, ಎಲ್ಲ ಮಾತಾಡಿದೆವು. ಕೊನೆಗೆ ಅವರು ನನ್ನ ಬೆರಳುಗಳನ್ನು ಮಡಚಿ ಮುಷ್ಟಿ ಮಾಡಿ ಹಿಡಿದರು. ಅಂದರೆ ವ್ಯಾಪಾರ ಆಯಿತು. ನನ್ನ ಮಿತಿಯೊಳಗೆ ಆಯಿತು ಎಂದಷ್ಟೇ ಹೇಳಬಲ್ಲೆ.

ಬ್ಯಾಂಕಿಗೆ ಬೆಲೆಯ ಕಾಗದ ಬೇಕು ಎಂದಾಗ ಸಾಹುಕಾರರು ಹಣೆ ಉಜ್ಜಿಕೊಂಡರು. "ಬ್ಯಾಂಕಿನವನ ಬಾಯಿಗೆ ಬೀಗ ಉಂಟಾ?" ಉಂಟೆಂದು ನಾನು ಹೊಣೆ ಹೊತ್ತೆ. ಅವರು ಯಾರನ್ನೂ ಹತ್ತಿರ ಬಿಡದೆ ಬರೆದು, ಲಕೋಟೆಗೆ ಹಾಕಿ ಅಂಟಿಸಿ ಕೊಟ್ಟರು. ಏಜೆಂಟರು ಲಕೋಟೆ ಒಡೆದು ಓದಿ, ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿ, ಡ್ರಾಯರಿನೊಳಗಿಟ್ಟು ಬೀಗ ಹಾಕಿದರು. ಸಾಲ ಮಂಜೂರಾಯಿತು. ಪೊರ್ಬುಗಳ ಬಳಿ ಹೋಗಿ ಸಾಕ್ಷಿಯ ಮಾತಿಗೆ ಕ್ಷಮೆ ಕೇಳಿದೆ. ಅವರು ಕಿಂಗ್ ಪಿನ್ ಬದಲಾಯಿಸಿ, ತಗಡಿಗೆ ತೇಪೆ ಹಾಕಿ, ಸೆಕೆಂಡ್ ಹ್ಯಾಂಡ್ ಬ್ಯಾಟರಿ ಕೂರಿಸಿದರು. ಮಜೂರಿ ಆಮೇಲೆ ನೋಡುವ ಅಂದರು. ನೀಲಿ ಹೊಗೆ ಹಾಗೇ ಉಳಿಯಿತು. ರಿಂಗು ಹಾಕಿಸಲು ಹಣವಿರಲಿಲ್ಲ.

ಕಾರು ಬಂದ ಹನ್ನೊಂದನೆಯ ದಿನ ಮತ್ತೆ ಆ ಕಡೆಯಿಂದಲೇ ಕರೆ ಬಂತು, ಬೇರೊಂದು ಮನೆಯಿಂದ. ಮೊದಲ ಹೆರಿಗೆ, ಬೆಳಗಿನಿಂದ ನೋವು. ಬ್ಯಾಟರಿ ಕೈಕೊಟ್ಟಿತು. ಕರೆಯಲು ಬಂದವನೂ ಪಕ್ಕದ ಕ್ಷೌರದ ಅಂಗಡಿಯವನೂ ದೂಡಿ ಸ್ಟಾರ್ಟ್ ಮಾಡಿದರು. ಕಾರು ನಿಲ್ಲಿಸಿ ಬದು ಹಿಡಿದು ಓಡಿ, ಆ ಮನೆಯ ಅಂಗಳ ಮೆಟ್ಟುವಾಗ ಗಡಿಯಾರ ನೋಡಿದೆ. ಐವತ್ತು ನಿಮಿಷ.

ಇನ್ನೊಂದು ಗಂಟೆಯಲ್ಲಿ ಹೆರಿಗೆಯಾಯಿತು, ತೊಂದರೆಯಿಲ್ಲದೆ. ನಾನು ಹೋಗದಿದ್ದರೂ ಆಗುತ್ತಿತ್ತು. ಕಾರಿನಿಂದ ಒಂದು ಜೀವ ಉಳಿಯಿತು ಎಂದು ನಾನು ಯಾವ ಸಭೆಯಲ್ಲೂ ಸಾಧಿಸಲಾರೆ. ಆದರೆ ಮಾಸು ಬಿದ್ದು ರಕ್ತ ಹತೋಟಿಗೆ ಬರುವ ತನಕ ನನ್ನ ಕೈ ಆ ಹುಡುಗಿಯ ಹೊಟ್ಟೆಯ ಮೇಲಿತ್ತು, ಅಂಗೈಯ ಕೆಳಗೆ ಗರ್ಭಕೋಶ ಗಟ್ಟಿಯಾಗುವುದು ನನಗೆ ತಿಳಿಯುತ್ತಿತ್ತು. ಹಿಂದಿನ ಸಲ ಆ ಕೈ ಇನ್ನೂ ಮರದ ಲಾರಿಯಲ್ಲಿತ್ತು.

ಹೊರಗೆ ಬಂದು ಕೈ ತೊಳೆಯುವಾಗ ಆ ಮನೆಯ ಅಜ್ಜ ನೀರು ಹೊಯ್ಯುತ್ತ ಕೇಳಿದರು: "ಬಂಟ್ವಾಳದ ಸಾಹುಕಾರರ ಕಾರಂತೆ ಅಲ್ವಾ ಅಮ್ಮ? ಆರು ಸಾವಿರ ಹೇಳ್ತಿದ್ದರು. ಎಷ್ಟಕ್ಕೆ ಆಯಿತು?"

ಗೆದ್ದ ವಾದವನ್ನು ಹೇಳಿಕೊಳ್ಳದೆ ಬಿಟ್ಟವಳಲ್ಲ ನಾನು. ನಾಲಗೆಯ ತುದಿಯ ತನಕ ಬಂತು. ಸೆರಗಿನಲ್ಲಿ ಕೈ ಒರೆಸಿಕೊಂಡು ಆಕಾಶ ನೋಡಿದೆ.

"ಈ ಸಲ ಮಳೆ ಬೇಗ ಹಿಡಿಯುವ ಹಾಗೆ ಉಂಟಲ್ಲ ಅಜ್ಜ" ಅಂದೆ.